ಹಳೇ ಬುಲೆಟ್ ಎಂಜಿನ್ ಆಯಿಲ್ ಸೋರದಂತೆ ಜೋಡಿಸುವುದು ಹೇಗೆ?

ಹಳೇ ಬುಲೆಟ್ ಇರುವ ಮನೆ ಯಾವುದು ಅಂತ ಗೇಟಿನ ಒಳಗಿನ ನೆಲ ನೋಡಿದರೆ ಗೊತ್ತಾಗುತ್ತದೆ. ಸ್ಟ್ಯಾಂಡ್ ಹಾಕುವ ಜಾಗದಲ್ಲಿ ರೊಟ್ಟಿ ಅಗಲದ ಕರಿ ಕಲೆ ಇರುತ್ತದೆ. ‘ಬುಲೆಟ್ ಅಂದ್ಮೇಲೆ ಸೋರಲೇಬೇಕು’ ಎಂದು ಸಮಾಧಾನ ಮಾಡಿಕೊಳ್ಳುವವರೇ ಜಾಸ್ತಿ. ಆದರೆ ಎರಕದ ಕಬ್ಬಿಣದ ಬ್ಲಾಕ್ ಇರುವ ಹಳೇ 350 ಸಿಸಿ ಬುಲೆಟ್ ಕೂಡ ಒಣಗಿಕೊಂಡೇ ಇರಬಲ್ಲದು. ಬಿಚ್ಚಿದ ಎಂಜಿನನ್ನು ವಾಪಸ್ ಜೋಡಿಸುವ ರೀತಿ ಸರಿ ಇರಬೇಕು, ಅಷ್ಟೇ.

ನಾನು ಮೊದಲ ಸಲ ಜೋಡಿಸಿದಾಗ ಒಂದು ಟ್ಯೂಬ್ ಸಿಲಿಕೋನ್ ಗಮ್ ಪೂರ್ತಿ ಖಾಲಿ ಮಾಡಿದ್ದೆ. ಹದಿನೈದೇ ದಿನಕ್ಕೆ ಮತ್ತೆ ತೊಟ್ಟಿಕ್ಕಲು ಶುರುವಾಯಿತು. ನಮ್ಮ ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ ಕವರ್ ಬಿಚ್ಚಿ ನೋಡಿ, ‘ಏನಪ್ಪಾ, ಗಾರೆ ಕೆಲ್ಸ ಮಾಡಿದೀಯಾ?’ ಅಂದರು. ಒಳಕ್ಕೆ ಉಬ್ಬಿ ಬಂದ ಗಮ್ ಶ್ಯಾವಿಗೆ ಎಳೆಯಂತೆ ಕಿತ್ತು ಆಯಿಲ್‌ನಲ್ಲಿ ತೇಲುತ್ತಿತ್ತು. ಒಂದು ಎಳೆ ಆಯಿಲ್ ಸೋಸುವ ಜಾಲರಿಗೂ ಅಂಟಿತ್ತು. ಅದು ಆಯಿಲ್ ದಾರಿ ಮುಚ್ಚಿದ್ದರೆ ಬೇರಿಂಗ್ ಕಥೆ ಮುಗಿಯುತ್ತಿತ್ತು.

ಬಿಚ್ಚುವ ಮೊದಲು

ಸೋರುವ ಜಾಗ ಯಾವುದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಓಡುವಾಗ ಗಾಳಿಗೆ ಆಯಿಲ್ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಹನಿ ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕೆಂದಿಲ್ಲ. ಎಂಜಿನ್ ತೊಳೆದು ಒಣಗಿಸಿ, ಮುಖಕ್ಕೆ ಹಾಕುವ ಪೌಡರ್ ಉದುರಿಸಿ ಐದು ಕಿಲೋಮೀಟರ್ ಓಡಿಸಿ. ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ತಪ್ಪು.

ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪನ್ನೂ ನೋಡಿಬಿಡಿ. ಪಿಸ್ಟನ್ ಒಂದು ಸಲ ಕೆಳಗೆ ಬಂದರೆ ಸುಮಾರು 350 ಸಿಸಿ ಗಾಳಿಯನ್ನು ಅದುಮುತ್ತದೆ. ಆ ಪೈಪ್ ಅಥವಾ ಅದರ ರಬ್ಬರ್ ವಾಲ್ವ್ ಕಟ್ಟಿಕೊಂಡಿದ್ದರೆ ಒತ್ತಡ ಬೇರೆ ದಾರಿ ಹುಡುಕುತ್ತದೆ. ಎರಡು ಭಾಗಗಳ ನಡುವೆ ಎಷ್ಟೇ ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಹಾಕಿದರೂ ಸಂದಿಯಿಂದ ಆಯಿಲ್ ಹೊರಗೆ ತಳ್ಳುತ್ತದೆ. ನೂರು ರೂಪಾಯಿಯ ಕೆಲಸಕ್ಕೆ ಇಡೀ ಎಂಜಿನ್ ಬಿಚ್ಚಿದವರನ್ನು ನಾನು ನೋಡಿದ್ದೇನೆ.

ಭಾಗಗಳು ಕೂಡುವ ಮುಖ ಕ್ಲೀನ್ ಮಾಡುವುದೇ ಅರ್ಧ ಕೆಲಸ

ಕವರ್ ಬಿಗಿಯಾಗಿದೆ ಅಂತ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅಲ್ಲಿ ಬಿದ್ದ ಒಂದು ಗೀರು ಆಯಿಲ್‌ಗೆ ಕಾಲುವೆ ತೋಡಿಕೊಟ್ಟಂತೆ. ರಬ್ಬರ್ ಸುತ್ತಿಗೆಯಲ್ಲಿ ಅಂಚಿನ ಸುತ್ತ ಮೆಲ್ಲಗೆ ತಟ್ಟಿ. ಹಳೇ ಪ್ಯಾಕಿಂಗ್ ಮೇಲೆ ಥಿನ್ನರ್ ಸವರಿ ಹತ್ತು ನಿಮಿಷ ಬಿಡಿ. ಆಮೇಲೆ ಬ್ಲೇಡನ್ನು ಮಲಗಿಸಿ ಹಿಡಿದು ಕೆರೆಯಿರಿ.

ಈಗ ಕವರ್ ಮುಖ ಸಮ ಇದೆಯಾ ನೋಡಬೇಕು. ಗಾಜಿನ ಅಂಗಡಿಯಿಂದ ದಪ್ಪ ಗಾಜಿನ ತುಂಡು ತನ್ನಿ. ಅದರ ಮೇಲೆ 400ನೇ ನಂಬರಿನ ಎಮರಿ ಪೇಪರ್ ಇಟ್ಟು, ನಾಲ್ಕು ಹನಿ ಸೀಮೆಎಣ್ಣೆ ಹಾಕಿ. ಕವರ್ ಮುಖದ ತುಂಬ ಮಾರ್ಕರ್ ಪೆನ್‌ನಿಂದ ಗೆರೆ ಎಳೆದು, ಒತ್ತದೆ ಸುಮ್ನೆ ಎಂಟರ ಆಕಾರದಲ್ಲಿ ಆಡಿಸಿ. ಹತ್ತು ಸುತ್ತು ಆದಮೇಲೆ ತಿರುಗಿಸಿ ನೋಡಿ. ಬೋಲ್ಟ್ ತೂತಿನ ಸುತ್ತ ಗೆರೆ ಅಳಿಸಿ, ಎರಡು ಬೋಲ್ಟ್‌ಗಳ ನಡುವೆ ಹಾಗೇ ಉಳಿದಿರುತ್ತದೆ. ಯಾರೋ ಅತಿಯಾಗಿ ಟೈಟ್ ಮಾಡಿ ತೂತಿನ ಅಂಚು ಮೇಲೆದ್ದಿದೆ ಎಂದು ಅರ್ಥ. ಎಲ್ಲ ಗೆರೆಯೂ ಸಮನಾಗಿ ಅಳಿಸುವವರೆಗೆ ಉಜ್ಜಿ. ಇದು ಕವರ್‌ಗೆ ಮಾತ್ರ. ಎಂಜಿನ್ನಿನ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸಿನ ಎರಡು ಭಾಗಗಳನ್ನು ಹೀಗೆ ಉಜ್ಜಿದರೆ ಒಳಗಿನ ಬೇರಿಂಗ್ ಅಳತೆಯೇ ಕೆಡುತ್ತದೆ.

ತುದಿ ಮುಚ್ಚಿರುವ ಬೋಲ್ಟ್ ತೂತುಗಳಲ್ಲಿ ಆಯಿಲ್ ನಿಂತಿದ್ದರೆ ತೆಗೆಯಿರಿ. ಬೋಲ್ಟ್ ಇಳಿದಾಗ ಆ ಆಯಿಲ್ ಎಲ್ಲಿಗೆ ಹೋಗಬೇಕು? ಕೇಸಿಂಗ್ ಸೀಳಿಬಿಡಬಹುದು.

ಗಮ್ ಎಲ್ಲಿ, ಎಷ್ಟು?

ಈ ಎಂಜಿನ್‌ನ ಕ್ರ್ಯಾಂಕ್‌ಕೇಸ್ ನಡುವೆ ಪೇಪರ್ ಪ್ಯಾಕಿಂಗ್ ಇಲ್ಲ, ಗಮ್ ಮಾತ್ರ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಒಂದೇ ಮುಖಕ್ಕೆ ತೆಳ್ಳಗೆ ಸವರಿ. ಸಿಲಿಕೋನ್ ಬಳಸುವ ಕಡೆ ಎರಡು ಮಿಲಿಮೀಟರ್ ದಪ್ಪದ ಒಂದೇ ಎಳೆ ಸಾಕು. ಬೋಲ್ಟ್ ತೂತು ಬಂದಲ್ಲಿ ಅದರ ಒಳಬದಿಯಿಂದ ಸುತ್ತಿ ಬರಲಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ಲೋಹವನ್ನು ತಿನ್ನುತ್ತದೆ. ಪೆಟ್ರೋಲ್ ತಾಗುವ ಕಡೆಗಂತೂ ಸಿಲಿಕೋನ್ ಬೇಡವೇ ಬೇಡ, ಉಬ್ಬಿ ಕಿತ್ತು ಬರುತ್ತದೆ.

ವಾಲ್ವ್ ನಡೆಸುವ ಗೇರುಗಳನ್ನು ಮುಚ್ಚುವ ಟೈಮಿಂಗ್ ಕವರ್‌ನ ಪ್ಯಾಕಿಂಗ್‌ನಲ್ಲಿ ಆಯಿಲ್ ಹಾದುಹೋಗುವ ತೂತುಗಳಿವೆ. ಪ್ಯಾಕಿಂಗನ್ನು ಕೇಸಿನ ಮೇಲಿಟ್ಟು ತೂತಿಗೆ ತೂತು ಕೂತಿದೆಯಾ ನೋಡಿ. ಅಲ್ಲಿಗೆ ಗಮ್ ಬೇಡ, ಗ್ರೀಸ್ ಕೈ ಆಡಿಸಿದರೆ ಸಾಕು. ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಚೈನನ್ನು ಮುಚ್ಚುವ ಪ್ರೈಮರಿ ಚೈನ್ ಕವರ್‌ಗೆ ಹೊಸ ರಬ್ಬರ್ ಹಾಕಿ. ಮಧ್ಯದ ಒಂದೇ ನಟ್ ಇಡೀ ಕವರನ್ನು ಹಿಡಿದಿರುತ್ತದೆ. ಅದನ್ನು ಜೋರಾಗಿ ಬಿಗಿದರೆ ಕವರ್ ಮಧ್ಯ ತಗ್ಗಾಗಿ ಅಂಚು ಬಿಟ್ಟುಕೊಳ್ಳುತ್ತದೆ. ಇಲ್ಲಿ ಜಾಸ್ತಿ ಟೈಟ್ ಮಾಡಿದಷ್ಟೂ ಜಾಸ್ತಿ ಸೋರುತ್ತದೆ!

ವಾಲ್ವ್ ಒತ್ತುವ ರಾಕರ್‌ಗೆ ಆಯಿಲ್ ಒಯ್ಯುವ ಪೈಪಿನ ವಾಷರ್ ತಾಮ್ರದ್ದಾದರೆ, ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಗಟ್ಟಿಯಾಗಿದ್ದ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಆಯಿಲ್ ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗಿರಲಿ, ತುಟಿಗೆ ಗ್ರೀಸ್ ಹಚ್ಚಿರಿ. ಶಾಫ್ಟಿನ ಥ್ರೆಡ್ ಮೇಲೆ ಟೇಪ್ ಸುತ್ತದೆ ತೂರಿಸಿದರೆ ಹೊಸ ಸೀಲ್ ಅಲ್ಲೇ ಹರಿಯುತ್ತದೆ.

ಬಿಗಿಯುವುದು

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಕೂರಿಸಿ. ಆಮೇಲೆ ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರ್ ಹಿಡಿಯಿರಿ. ಅದಕ್ಕೆ ಪೈಪ್ ಸಿಕ್ಕಿಸಿ ಎಳೆಯಬೇಡಿ, ಥ್ರೆಡ್ ಹೋದರೆ ಮತ್ತೆ ಲೇತ್ ಅಂಗಡಿಗೆ ಅಲೆಯಬೇಕು.

ಸಿಲಿಕೋನ್ ಹಾಕಿದ್ದರೆ ಒಂದು ಇಡೀ ದಿನ ಗಾಡಿ ಮುಟ್ಟಬೇಡಿ. ಇದೇ ಕಷ್ಟ, ಅಲ್ವಾ? ಆಮೇಲೆ ಆಯಿಲ್ ತುಂಬಿ, ಸ್ಟಾರ್ಟ್ ಮಾಡಿ, ಆಯಿಲ್ ವಾಪಸ್ ಬರುತ್ತಿದೆಯಾ ನೋಡಿ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿ. ಬೆಳಗ್ಗೆ ಅದರ ಮೇಲೆ ಒಂದೆರಡು ಹನಿ ಕಂಡರೆ ಸ್ಪ್ಯಾನರ್ ಎತ್ತಿಕೊಳ್ಳಬೇಡಿ, ಮತ್ತೆ ಪೌಡರ್ ಡಬ್ಬಿ ತನ್ನಿ.