ಲಕ್ಕಿ ಡಿಪ್ ಕೂಪನ್ ಅಚ್ಚಿಗೆ ಕೊಡುವ ಮೊದಲು

ಸಂಘಕ್ಕೆ ದುಡ್ಡು ಬೇಕು ಅಂದ ಕೂಡಲೇ ಸಮಿತಿ ಸಭೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಒಂದು ಲಕ್ಕಿ ಡಿಪ್ ಇಟ್ಟುಬಿಡೋಣ ಸಾರ್." ನಮ್ಮಲ್ಲೂ ಹೇಳಿದರು. ಆಗ ನಾನು ಖಜಾಂಚಿ. ಕೂಪನ್ ಪುಸ್ತಕಗಳು ಅಚ್ಚಾಗಿ ಬಂದವು. ಮೊದಲ ಬಹುಮಾನ ಬೈಕ್, ಕೆಳಗೆ ಕಾರ್ಯದರ್ಶಿಯ ಹೆಸರು, ಅದರ ಪಕ್ಕ ನನ್ನದು. ಅರ್ಧಕ್ಕರ್ಧ ಮಾರಿದ್ದೆವು. ಅಷ್ಟರಲ್ಲಿ ಸದಸ್ಯರೊಬ್ಬರ ಮಗಳು, ಕಾನೂನು ಓದುತ್ತಿದ್ದವಳು, ಕೂಪನ್ ಹಿಂದೆಮುಂದೆ ತಿರುಗಿಸಿ ನೋಡಿ, "ಅಂಕಲ್, ಇದಕ್ಕೆ ಸರ್ಕಾರದ ಅನುಮತಿ ಇದೆಯಾ?" ಅಂದಳು. ಮೈಕಿಗೆಂದು ಠಾಣೆಯಿಂದ ತಂದಿದ್ದ ಕಾಗದ ತೋರಿಸಿದೆ. ನಕ್ಕುಬಿಟ್ಟಳು. ಆಮೇಲೆ ಮೂರು ವಾರ ನಾನು ಮನೆಮನೆ ತಿರುಗಿ ದುಡ್ಡು ವಾಪಸ್ ಕೊಟ್ಟೆ.

ಅವಳು ಅವತ್ತು ಹೇಳಿಕೊಟ್ಟಿದ್ದು, ಆಮೇಲೆ ವಕೀಲರು ಮತ್ತು ಆಡಿಟರ್ ಹತ್ತಿರ ಕೂತು ನಾನು ಕಲಿತಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲನೆಯದಾಗಿ, ಹೆಸರು ಬದಲಿಸಿದರೆ ಕಾನೂನು ಮೋಸಹೋಗುವುದಿಲ್ಲ. ಲಕ್ಕಿ ಡಿಪ್, ಅದೃಷ್ಟ ಕೂಪನ್, ಸಹಾಯಾರ್ಥ ಡ್ರಾ, ತಂಬೋಲಾ, ಏನು ಬೇಕಾದರೂ ಕರೆಯಿರಿ. ನೋಡಬೇಕಾದದ್ದು ಮೂರೇ: ಆಡುವವರು ದುಡ್ಡು ಕೊಡುತ್ತಾರೆಯೇ, ಗೆಲುವು ಬರೀ ಅದೃಷ್ಟದ ಮೇಲಿದೆಯೇ, ಗೆದ್ದವರಿಗೆ ಬಹುಮಾನ ಉಂಟೇ. ಮೂರೂ ಕೂಡಿಬಂದರೆ ಅದು ಲಾಟರಿ. ಬಂದ ಹಣ ಶಾಲೆಗೆ ಹೋಗುತ್ತದೋ ಆಸ್ಪತ್ರೆಗೆ ಹೋಗುತ್ತದೋ ಎನ್ನುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ನಾವು ಎಡವಿದ್ದು ಇಲ್ಲೇ. ಒಳ್ಳೆಯ ಕೆಲಸಕ್ಕಲ್ಲವೇ ಎಂದುಕೊಂಡಿದ್ದೆವು.

ಲಾಟರಿಯಾದರೆ ಏನು? ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಓದಿಕೊಳ್ಳಿ. ಹಳೆಯ ದಂಡ ಸಂಹಿತೆಯಲ್ಲಿ 294ಎ ಆಗಿದ್ದದ್ದೇ 2024ರ ಜುಲೈ 1ರಿಂದ ಈ ಹೊಸ ಸಂಖ್ಯೆಯಲ್ಲಿ ಬಂದಿದೆ. ಸರ್ಕಾರ ನಡೆಸದ, ಸರ್ಕಾರ ಅಧಿಕೃತಗೊಳಿಸದ ಲಾಟರಿ ಎತ್ತಲು ಕಚೇರಿ ಅಥವಾ ಜಾಗ ಇಟ್ಟುಕೊಂಡವರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಅಂಥ ಲಾಟರಿಯಲ್ಲಿ ಇಂಥ ನಂಬರಿಗೆ ಇಂಥ ಬಹುಮಾನ ಎಂದು ಪ್ರಕಟಿಸಿದವರಿಗೆ ಬೇರೆಯೇ ದಂಡ. ಅದು ಹಿಂದೆ 1,000 ರೂಪಾಯಿವರೆಗೆ ಇತ್ತು, ಈಗ 5,000ದವರೆಗೆ. ಪೋಸ್ಟರ್ ಅಂಟಿಸುವ, ವಾಟ್ಸಾಪ್ ಗುಂಪಿಗೆ ಕೂಪನ್ ಚಿತ್ರ ಹಾಕುವ ಉತ್ಸಾಹಿ ಹುಡುಗರಿಗೆ ಈ ಎರಡನೇ ಭಾಗವನ್ನು ಓದಿ ಹೇಳಿ.

"ಪಕ್ಕದ ಕೇರಳದಲ್ಲಿ ಬೀದಿಬೀದಿಯಲ್ಲಿ ಮಾರುತ್ತಾರಲ್ಲ?" ಎಂದು ನಮ್ಮ ಅಧ್ಯಕ್ಷರು ಕೇಳಿದ್ದರು. ಅದು ಕೇರಳ ಸರ್ಕಾರ 1967ರಿಂದ ತಾನೇ ನಡೆಸುತ್ತಿರುವ ಲಾಟರಿ. 1998ರ ಲಾಟರಿ ನಿಯಂತ್ರಣ ಕಾಯ್ದೆ ರಾಜ್ಯ ಸರ್ಕಾರಗಳಿಗೆ ಮಾತ್ರ ಆ ದಾರಿ ಬಿಟ್ಟಿದೆ. ಕರ್ನಾಟಕವಂತೂ 2007ರಲ್ಲೇ ಲಾಟರಿ ಮಾರಾಟ ನಿಲ್ಲಿಸಿದೆ. ಬ್ರಿಟನ್ನಿನಲ್ಲಿ 2005ರ ಜೂಜು ಕಾಯ್ದೆಯಡಿ ಸಣ್ಣ ಸಂಘಗಳು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಿಕೊಂಡು ಲಾಟರಿ ನಡೆಸಬಹುದು. ಅಲ್ಲಿಯ ನಿಯಮ ಓದಿಕೊಂಡು ಇಲ್ಲಿ ಕೂಪನ್ ಹೊಡೆಸಬೇಡಿ.

ಇನ್ನು ಅನುಮತಿಯ ಮಾತು. ಠಾಣೆಯವರು ಕೊಡುವುದು ಮೈಕಿಗೆ, ಮೆರವಣಿಗೆಗೆ, ಬಂದೋಬಸ್ತಿಗೆ. ಲಾಟರಿಯನ್ನು ಅಧಿಕೃತಗೊಳಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಸಂಘ ನೋಂದಣಿ ಕಾಯ್ದೆಯಡಿ ನಿಮ್ಮ ಸಂಘ ನೋಂದಣಿಯಾಗಿದ್ದರೂ ಈ ವಿಷಯದಲ್ಲಿ ಏನೂ ಉಪಯೋಗವಿಲ್ಲ. ಕೇಳಲೇಬೇಕು ಅನ್ನಿಸಿದರೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಲಿಖಿತ ಹಿಂಬರಹ ಪಡೆಯಿರಿ. "ಮಾಡಿಕೊಳ್ಳಿ, ನಾನಿದ್ದೇನೆ" ಎಂದು ಹೆಗಲು ತಟ್ಟುವವರು ನಾಳೆ ಠಾಣೆಗೆ ನಿಮ್ಮ ಜೊತೆ ಬರುವುದಿಲ್ಲ.

ಲಕ್ಕಿ ಸ್ಕೀಮ್ ಅಂತೂ ಬೇಡವೇ ಬೇಡ. ತಿಂಗಳು ತಿಂಗಳು ಕಂತು ಕಟ್ಟುವುದು, ಪ್ರತಿ ತಿಂಗಳು ಚೀಟಿ ಎತ್ತುವುದು, ಗೆದ್ದವರು ವಸ್ತು ತೆಗೆದುಕೊಂಡು ಮುಂದಿನ ಕಂತು ಬಿಡುವುದು, ಇದು 1978ರ ಪ್ರೈಜ್ ಚಿಟ್ ನಿಷೇಧ ಕಾಯ್ದೆಗೆ ಸಿಕ್ಕಿಬೀಳುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಹೋಗಬಹುದು.

ಹಾಗಾದರೆ ದುಡ್ಡು ಎಬ್ಬಿಸುವುದು ಹೇಗೆ? ಆ ಮೂರು ಎಳೆಗಳಲ್ಲಿ ಒಂದನ್ನು ಕಿತ್ತುಹಾಕಿ.

ದುಡ್ಡಿನ ಎಳೆ ಕಿತ್ತರೆ: ಕಾರ್ಯಕ್ರಮಕ್ಕೆ ಬಂದ ಪ್ರತಿಯೊಬ್ಬರಿಗೂ ಟೋಕನ್ ಕೊಡಿ, ದೇಣಿಗೆ ಡಬ್ಬಿ ಬೇರೆ ಕಡೆ ಇಡಿ. ಏನೂ ಹಾಕದವರಿಗೂ ಟೋಕನ್ ಸಿಗಬೇಕು, ಅದು ನಿಜವಾಗಿಯೂ ಸಿಗಬೇಕು. "ದೇಣಿಗೆ ಕೊಟ್ಟವರಿಗೆ ಟೋಕನ್ ಉಚಿತ" ಅನ್ನುವ ಜಾಣತನ ನಮ್ಮ ಸಮಿತಿಯಲ್ಲೂ ಒಬ್ಬರಿಗೆ ಹೊಳೆದಿತ್ತು. ಅದು ಬೆಲೆಯೇ, ಹೆಸರು ಮಾತ್ರ ಬೇರೆ.

ಅದೃಷ್ಟದ ಎಳೆ ಕಿತ್ತರೆ: ಪ್ರವೇಶ ಶುಲ್ಕ ಇಟ್ಟು ರಂಗೋಲಿ, ಚೆಸ್, ಓಟದ ಪಂದ್ಯ ನಡೆಸಿ; ಗೆಲ್ಲುವುದು ಕೌಶಲ. ಆದರೆ ಪದಬಂಧ, ಬಿಟ್ಟ ಪದ ತುಂಬುವಂಥ ಸ್ಪರ್ಧೆ ಬೇಡ. 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ಅವುಗಳಿಗೆ ತಿಂಗಳಿಗೆ ಒಟ್ಟು 1,000 ರೂಪಾಯಿ ಬಹುಮಾನದ ಮಿತಿ ಹಾಕಿದೆ, ಅದಕ್ಕೂ ಪರವಾನಗಿ ಬೇಕು.

ನನಗೆ ಹೆಚ್ಚು ಹಿಡಿಸಿದ್ದು ಸವಾಲು, ಅಂದರೆ ಬಹಿರಂಗ ಹರಾಜು. ದಾನವಾಗಿ ಬಂದ ವಸ್ತುವನ್ನು ಕೂಗಿ ಮಾರುತ್ತೀರಿ, ಹೆಚ್ಚು ಕೂಗಿದವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಅದೃಷ್ಟದ ಪ್ರಶ್ನೆಯೇ ಏಳುವುದಿಲ್ಲ. ಪಂತಕ್ಕೆ ಬಿದ್ದ ಇಬ್ಬರು ಸಾಹುಕಾರರಿದ್ದರೆ ನೂರು ಕೂಪನ್ ಪುಸ್ತಕ ಮಾರುವ ಶ್ರಮ ಉಳಿಯುತ್ತದೆ.

ತೆರಿಗೆ ವಿಷಯವನ್ನು ಆಡಿಟರ್ ಮೇಲೆ ಹಾಕಿ ಮರೆಯಬೇಡಿ. ಚೀಟಿ ಎತ್ತಿ ಕೊಟ್ಟ ಬಹುಮಾನಕ್ಕೆ ಆದಾಯ ತೆರಿಗೆ ಶೇ 30. ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವವರೇ ತೆರಿಗೆ ಮುರಿದುಕೊಂಡು ಕಟ್ಟಬೇಕು. ಬೈಕಿನಂಥ ವಸ್ತುವಾದರೆ ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೇ ಕೀಲಿಕೈ ಕೊಡಬೇಕು. ಟೋಕನ್ ಉಚಿತವಾಗಿ ಕೊಟ್ಟಿದ್ದರೂ ಇದು ತಪ್ಪುವುದಿಲ್ಲ. ವೇದಿಕೆಯ ಮೇಲೆ ಫೋಟೊಗೆ ನಿಂತ ವಿಜೇತನಿಗೆ "ಮೊದಲು ತೆರಿಗೆ ಕಟ್ಟಪ್ಪಾ" ಅನ್ನುವ ಕೆಲಸ ಖಜಾಂಚಿಗೇ ಬರುತ್ತದೆ. ಆದ್ದರಿಂದ ಬಹುಮಾನಗಳು ಸಣ್ಣವಿರಲಿ.

80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ, ಇರುವ ಸಂಘದವರಿಗೆ ಇನ್ನೊಂದು ಮಾತು. ಆ ರಸೀದಿ ಪ್ರತಿಫಲವಿಲ್ಲದ ದೇಣಿಗೆಗೆ ಮಾತ್ರ. ಟಿಕೆಟ್ಟಿಗೋ ಹರಾಜಿನ ವಸ್ತುವಿಗೋ ಕೊಟ್ಟ ದುಡ್ಡಿಗೆ ಅದನ್ನು ಹರಿಯಬೇಡಿ. ದೇಣಿಗೆಯೇ ಆದರೂ 2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಕೊಟ್ಟವರಿಗೆ ವಿನಾಯಿತಿ ಸಿಗುವುದಿಲ್ಲ. ಹೊರದೇಶದ ಬಂಧುಗಳ ಹಣ ತೆಗೆದುಕೊಳ್ಳುವ ಮುನ್ನ ಪಾಸ್‌ಪೋರ್ಟ್ ಯಾವುದು ಎಂದು ಕೇಳಿ. ಭಾರತದ ಪೌರರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿಯ ಪೌರತ್ವ ಪಡೆದವರ ದೇಣಿಗೆ ವಿದೇಶಿ ವಂತಿಗೆಯಾಗುತ್ತದೆ. ಅದಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಬೇಕು.

ಈಗಾಗಲೇ ಕೂಪನ್ ಮಾರಿಬಿಟ್ಟಿದ್ದರೆ? ಮಾರಾಟ ಇವತ್ತೇ ನಿಲ್ಲಿಸಿ, ಎಲ್ಲ ಪುಸ್ತಕ ವಾಪಸ್ ತರಿಸಿ, ಸಮಿತಿಯಲ್ಲಿ ಠರಾವು ಬರೆಸಿ, ವಕೀಲರನ್ನು ಕಾಣಿ. ಪುಸ್ತಕದಲ್ಲಿ ಉಳಿದ ಅರ್ಧಚೀಟಿಗಳಲ್ಲಿ ಹೆಸರು, ಫೋನ್ ನಂಬರ್ ಇದ್ದದ್ದು ನಮ್ಮ ಪುಣ್ಯ. ದುಡ್ಡು ಕೊಟ್ಟು, ಆ ಅರ್ಧದ ಮೇಲೆಯೇ ಸಹಿ ಹಾಕಿಸಿಕೊಂಡೆ. ಕೆಲವರು "ಇರಲಿ ಬಿಡಿ, ಸಂಘಕ್ಕೇ ಇಟ್ಟುಕೊಳ್ಳಿ" ಅಂದರು. ಅವರಿಂದಲೂ ಕೂಪನ್ ವಾಪಸ್ ಪಡೆದು, ದುಡ್ಡು ಅವರ ಕೈಗಿಟ್ಟು, ಮತ್ತೆ ಅದೇ ದುಡ್ಡನ್ನು ಈಸಿಕೊಂಡು ದೇಣಿಗೆ ರಸೀದಿ ಬರೆದುಕೊಟ್ಟೆ. ಒಬ್ಬ ಅಜ್ಜಿ ಮಾತ್ರ ರಸೀದಿಯ ನಂಬರ್ ನೋಡಿ, "ಇದನ್ನ ಯಾವಾಗ ಎತ್ತುತ್ತೀರಪ್ಪಾ?" ಎಂದು ಕೇಳಿದರು.