ಗೆರಟೆಯ ಓಲೆ: ಹೊಳಪು ಬರುವುದು ಉಜ್ಜಿದರೆ, ವಾರ್ನಿಶ್ ಬಳಿದರಲ್ಲ

ದಂತದ ಕೆತ್ತನೆಗೆ ಆಸೆಪಟ್ಟವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆನೆಯದಷ್ಟೇ ಅಲ್ಲ, ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಿಂದ ಅಗೆದು ತೆಗೆದ ಮ್ಯಾಮತ್ ದಂತದ ವ್ಯಾಪಾರಕ್ಕೂ ನಮ್ಮ ದೇಶದಲ್ಲಿ ನಿಷೇಧ ಉಂಟು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿದೆ. ಕರಾವಳಿಯವರಿಗೆ ಆ ಕೊರಗೂ ಬೇಡ. ಬಚ್ಚಲೊಲೆಗೆ ಹೋಗುವ ತೆಂಗಿನ ಗೆರಟೆ (ಕರಟ) ಅದೇ ಗರಗಸ, ಅದೇ ಅರಕ್ಕೆ ಬಗ್ಗುತ್ತದೆ, ಅದರಲ್ಲೇ ಕಿವಿಯೋಲೆ ಮಾಡಬಹುದು.

ಆಯ್ಕೆ: ಬೊಂಡದ (ಎಳನೀರಿನ) ಗೆರಟೆ ಬೇಡ, ಒಣಗಿದಾಗ ಸೊಟ್ಟಗಾಗುತ್ತದೆ. ಬಿಸಿಲಲ್ಲಿ ಒಣಗಿದ ಗೋಟುಕಾಯಿಯದೇ (ಒಳಗೆ ಕೊಬ್ಬರಿಯಾದ ಕಾಯಿಯದೇ) ಆಗಬೇಕು. ಹೊಗೆಗೂಡಿನಲ್ಲಿ ಒಣಗಿಸಿದ್ದು ಬಿಸಿಗೆ ಬಿರಿದಿರಬಹುದು. ಉಗುರಿನಿಂದ ತಟ್ಟಿ ನೋಡಿ. ಟಣ್ ಎಂದರೆ ಸರಿ, ಮಂಕಾದ ಸದ್ದು ಬಂದರೆ ಒಳಗೆ ಬಿರುಕಿದೆ, ಒಲೆಗೆ ಹಾಕಿ. ಜೋಡಿ ಓಲೆಗೆ ಒಂದೇ ಗೆರಟೆಯ ಅಕ್ಕಪಕ್ಕದ ತುಂಡುಗಳೇ ಬೇಕು, ಇಲ್ಲದಿದ್ದರೆ ಬಣ್ಣವೂ ಬಾಗೂ ಹೊಂದುವುದಿಲ್ಲ.

ನಾರು ಕೆರೆದು, ಪಾತ್ರೆ ಸೋಪಿನಲ್ಲಿ ತೊಳೆದು, ಒಂದು ವಾರ ನೆರಳಲ್ಲಿ ಒಣಗಿಸಿ.

ಓಲೆಯ ಆಕಾರವನ್ನು ಗೆರಟೆಯ ಮೇಲೆ ಗೆರೆ ಎಳೆದುಕೊಳ್ಳಿ. ತೂತು ಮೊದಲು, ಕತ್ತರಿಸುವುದು ಆಮೇಲೆ. ಆಕಾರ ಕತ್ತರಿಸಿದ ಮೇಲೆ ಅಂಚಿನ ಬಳಿ ಡ್ರಿಲ್ ಇಟ್ಟರೆ ತುಂಡು ಎರಡಾಗುವುದೇ ಹೆಚ್ಚು. ಗೆರಟೆಯ ಕಣ್ಣುಗಳ ಕಡೆಯಿಂದ ಉದ್ದಕ್ಕೆ ಮೂರು ಏಣುಗಳಿರುತ್ತವೆ. ಅದು ಸೀಳುವುದೇ ಅಲ್ಲಿ, ಆ ಏಣಿನ ಮೇಲೆ ತೂತು ಬೇಡ. 1.5 ಮಿ.ಮೀ. ಬಿಟ್, ಅಂಚಿನ ಗೆರೆಯಿಂದ ಕನಿಷ್ಠ 3 ಮಿ.ಮೀ. ದೂರ, ಅಡಿಗೆ ಮರದ ತುಂಡು. ನಿಧಾನ ವೇಗದಲ್ಲಿ ಒತ್ತಿ, ಎತ್ತಿ, ಮತ್ತೆ ಒತ್ತಿ.

ಆಮೇಲೆ ಅಕ್ಕಸಾಲಿಗರ ಸಪುರ ಗರಗಸದಿಂದ ಗೆರೆಯ ಹೊರಗೆ ಕೂದಲೆಳೆ ಬಿಟ್ಟು ಕತ್ತರಿಸಿ. ಅಲಗಿನ ಹಲ್ಲು ಕೆಳಮುಖವಾಗಿರಲಿ.

ಇನ್ನು ಉಜ್ಜುವುದು. ಎಲ್ಲರೂ ಕೆಡಿಸುವುದು ಇಲ್ಲೇ. 120ರ ಉಜ್ಜುಕಾಗದದಲ್ಲಿ (ಸ್ಯಾಂಡ್ ಪೇಪರ್, ಸಂಖ್ಯೆ ಹೆಚ್ಚಿದಷ್ಟೂ ನಯ) ನಾಲ್ಕು ಸಲ ಉಜ್ಜಿ, ನೇರ 600ಕ್ಕೆ ಹಾರಿ, ವಾರ್ನಿಶ್ ಬಳಿದುಬಿಡುತ್ತಾರೆ. ಒಣ ಗೆರಟೆಯ ಮೇಲೆ ಗೀರುಗಳು ಪುಡಿಯಲ್ಲಿ ಅಡಗಿರುತ್ತವೆ. ಎಣ್ಣೆ ತಾಗಿದ ಕೂಡಲೇ ಒಂದೊಂದೂ ಎದ್ದು ಕಾಣುತ್ತದೆ. ಕ್ರಮ ಹೀಗೆ: 120, 220, 400, 600, 1000, 1500. ಒಂದನ್ನೂ ಬಿಡುವಂತಿಲ್ಲ. ಒಂದು ಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ. ಹಿಂದಿನ ಗೀರುಗಳೆಲ್ಲ ಮಾಯವಾದ ಮೇಲಷ್ಟೇ ಕಾಗದ ಬದಲಿಸಬೇಕು, ಬದಲಿಸುವಾಗ ಪುಡಿ ಒರೆಸಬೇಕು. ಉಳಿದ ಒಂದು ಒರಟು ಕಣ ಸಾಕು, ಮತ್ತೆ ಗೀರು. ಹೆಚ್ಚು ಹೊತ್ತು ಹಿಡಿಯುವುದು 120ರಲ್ಲೇ. ಹೊರಮೈಯ ನಾರಿನ ಗೀಟುಗಳು ಅಲ್ಲಿಯೇ ಸವೆಯಬೇಕು, ಮುಂದಿನ ಕಾಗದಗಳಿಗೆ ಅವು ಜಗ್ಗುವುದಿಲ್ಲ. 400ರಿಂದ ಮುಂದೆ ವಾಟರ್ ಪೇಪರ್ ತೆಗೆದುಕೊಂಡು ನೀರು ಹಾಕಿ ಉಜ್ಜಿ, ಪುಡಿ ಹಾರುವುದಿಲ್ಲ. ಅಲ್ಲಿಯವರೆಗೆ ಮಾಸ್ಕ್ ಬೇಕೇ ಬೇಕು.

ಕೈನೋವೆಂದು ರೋಟರಿ ಮಿಷನ್ ಹಿಡಿಯುವವರಿದ್ದಾರೆ. ಒಂದೇ ಜಾಗದಲ್ಲಿ ನಿಂತರೆ ಸುಟ್ಟ ವಾಸನೆ ಬಂದು ಕಪ್ಪು ಕಲೆ ಕೂರುತ್ತದೆ. ಸಣ್ಣ ಓಲೆಗೆ ಕೈಯೇ ಮೇಲು.

1500 ಮುಗಿದು ಒಣಗಿದ ತುಂಡನ್ನು ಹಳೇ ಜೀನ್ಸ್ ಬಟ್ಟೆಯಲ್ಲಿ ತಿಕ್ಕಿ. ಏನೂ ಹಚ್ಚದೆಯೇ ಕಿಟಕಿಯ ಬೆಳಕು ಅದರಲ್ಲಿ ಕಾಣಬೇಕು. ಕಾಣದಿದ್ದರೆ 400ಕ್ಕೆ ಹಿಂದಿರುಗಿ. ಕಂಡರೆ ಒಂದೇ ಹನಿ ತೆಂಗಿನೆಣ್ಣೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪೂರ್ತಿ ಒರೆಸಿ. ಹೆಚ್ಚು ಹಚ್ಚಿದರೆ ಕಮಟು ವಾಸನೆ, ಬಟ್ಟೆಗೂ ಕಲೆ. ವಾರ್ನಿಶ್ ಮಾತ್ರ ಬೇಡವೇ ಬೇಡ, ನಮ್ಮ ಸೆಕೆಗೆ, ಬೆವರಿಗೆ ಅದು ಸಿಪ್ಪೆಯಂತೆ ಏಳುತ್ತದೆ.

ಕೊಕ್ಕೆ, ಅದನ್ನು ತೂತಿಗೆ ಸೇರಿಸುವ ಸಣ್ಣ ಬಳೆ ಸ್ಟೀಲಿನದು ಅಥವಾ ಬೆಳ್ಳಿಯದು ಹಾಕಿ. ಅಗ್ಗದ ಗಿಲೀಟಿನದು ಕಡಲ ಗಾಳಿಗೆ ಹಸಿರುಗಟ್ಟುತ್ತದೆ. ಒತ್ತು ಓಲೆಯ ಕಡ್ಡಿ ಅಂಟಿಸಲು ಸೂಪರ್ ಗ್ಲೂ ಬಳಸಿದರೆ ಸುತ್ತ ಬಿಳಿ ಮಂಜು ಕೂರುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇನ್ನೂ ಜಾಸ್ತಿ. ಬದಲಿಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಸಮಪಾಲು ಕಲಸಿ, ಅಂಟುವ ಜಾಗವನ್ನು 120ರಲ್ಲಿ ಒರಟು ಮಾಡಿ, 24 ಗಂಟೆ ಮುಟ್ಟದೆ ಬಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹತ್ತಿಬಟ್ಟೆಯ ಚೀಲ ಸಾಕು.