ಡಬಲ್ ಕಾಯಿಲ್ ಸಬ್‌ವೂಫರ್: ನಾನು ವೈರಿಂಗ್ ಮಾಡಿದ್ದು ಹೀಗೆ

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕಾರಿಗೆ ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್) ಕೇಳಿದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸರ್, ಇದು ಡಬಲ್ ಕಾಯಿಲ್, ಬಾಸ್ ಡಬಲ್ ಬರುತ್ತೆ." ಬರುವುದಿಲ್ಲ. ಕೋನ್ ಒಂದೇ, ಮ್ಯಾಗ್ನೆಟ್ ಒಂದೇ, ಕೋನ್ ಅಲ್ಲಾಡಿಸುವ ತಂತಿ ಸುರುಳಿ, ಅಂದರೆ ಕಾಯಿಲ್, ಸುತ್ತಿರುವ ಕೊಳವೆಯೂ ಒಂದೇ. ಅದರ ಮೇಲೆ ತಂತಿಯನ್ನು ಒಂದರ ಬದಲು ಎರಡು ಬೇರೆ ಬೇರೆ ಸುತ್ತಾಗಿ ಸುತ್ತಿ, ಎರಡು ತುದಿಯ ಬದಲು ನಾಲ್ಕು ತುದಿ ಹೊರಗೆ ಕೊಟ್ಟಿರುತ್ತಾರೆ. ಪಯೋನಿಯರ್‌ನಂಥ ಕಂಪನಿಗಳ ಮಾಡೆಲ್ ಹೆಸರಿನ ಕೊನೆಯಲ್ಲಿ ಎಸ್4 ಇದ್ದರೆ 4 ಓಮ್‌ನ ಒಂದು ಕಾಯಿಲ್, ಡಿ4 ಇದ್ದರೆ 4 ಓಮ್‌ನ ಎರಡು ಕಾಯಿಲ್. ಓಮ್ ಅಂದರೆ ಕಾಯಿಲ್ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಅದು ಇಳಿದಷ್ಟೂ ಜಾಸ್ತಿ ಕರೆಂಟ್ ಹರಿಯುತ್ತದೆ. ನಿಮಗೆ ಜಾಸ್ತಿ ಸಿಗುವುದು ಜೋಡಿಸುವ ದಾರಿಗಳು, ಬಾಸ್ ಅಲ್ಲ.

ಹಾಗಾದರೆ ಇದನ್ನು ಯಾಕೆ ಮಾಡಿದರು? ನನ್ನ ಹಳೇ ಎರಡು ಚಾನೆಲ್ ಆಂಪ್‌ಗೆ (ಆಂಪ್ಲಿಫೈಯರ್) ಒಂದು ಡಿ4 ಜೋಡಿಸಲು ಕೂತಾಗ ಇದೇ ಪ್ರಶ್ನೆ ತಲೆ ತಿಂದಿತು. ಕತೆ ಶುರುವಾಗುವುದು ಕಾರಿನಲ್ಲಲ್ಲ, ಅಮೆರಿಕದ ಮನೆಗಳ ಹೈಫೈ ಸೆಟ್‌ಗಳಲ್ಲಿ. ಆಗ ಮನೆಯಲ್ಲಿ ಇದ್ದದ್ದು ಸ್ಟೀರಿಯೋ ಆಂಪ್, ಅಂದರೆ ಎಡ ಬಲ ಎರಡು ಔಟ್‌ಪುಟ್. ಸುಮಾರು 100 ಹರ್ಟ್ಜ್‌ಗಿಂತ ಕೆಳಗಿನ ಶಬ್ದ ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಸಬ್‌ವೂಫರ್ ಒಂದೇ ಸಾಕು, ಆದರೆ ಎಡ ಬಲದ ಸ್ಪೀಕರ್ ವೈರುಗಳನ್ನು ಸುಮ್ನೆ ಒಟ್ಟಿಗೆ ತಿರುಚಿ ಕೊಟ್ಟರೆ ಒಂದು ಚಾನೆಲ್ ಇನ್ನೊಂದರ ಮೇಲೆ ಬಿದ್ದು ಆಂಪ್ ಸುಟ್ಟುಹೋಗುತ್ತದೆ. ಅದಕ್ಕೆ ಎಡಕ್ಕೊಂದು ಕಾಯಿಲ್, ಬಲಕ್ಕೊಂದು ಕಾಯಿಲ್. ಎರಡೂ ಸಿಗ್ನಲ್ ಸೇರುವುದು ವೈರಿನಲ್ಲಲ್ಲ, ಕೋನ್‌ನಲ್ಲಿ. ಎಷ್ಟು ಸರಳ ಅಲ್ವಾ!

ಎರಡು ಕಾಯಿಲ್‌ಗೆ ಪೂರ್ತಿ ಬೇರೆ ಕೆಲಸ ಕೊಟ್ಟವರೂ ಇದ್ದಾರೆ. 1970ರ ದಶಕದಲ್ಲಿ ಇನ್ಫಿನಿಟಿ ಕಂಪನಿಯ ದೊಡ್ಡ ಸ್ಪೀಕರ್‌ಗಳಲ್ಲಿ ಟೆನೆಸಿಯ ಬಿಲ್ ವಾಟ್ಕಿನ್ಸ್ ರೂಪಿಸಿದ ವೂಫರ್ ಇತ್ತು. ಕೋನ್ ತಾನಾಗೇ ಜೋರಾಗಿ ಕಂಪಿಸುವ ಫ್ರೀಕ್ವೆನ್ಸಿ (ರೆಸೊನೆನ್ಸ್) ಹತ್ತಿರ ಒಂದು ಕಾಯಿಲ್‌ನ ಓಮ್ ಏರಿ ಕರೆಂಟ್ ಕಡಿಮೆಯಾದಾಗ, ಎರಡನೇ ಕಾಯಿಲ್ ಅಲ್ಲಿ ಮಾತ್ರ ಕೆಲಸಕ್ಕೆ ಇಳಿಯುತ್ತಿತ್ತು. ಚೆಂದದ ತಲೆ. ಕಾರಿಗೆ ಅದು ಬರಲಿಲ್ಲ, ಇರಲಿ.

ಈಗ ನನ್ನ ಆಂಪ್. ಅದನ್ನು ಬ್ರಿಡ್ಜ್ ಮಾಡಿದರೆ, ಅಂದರೆ ಆಂಪ್‌ನಲ್ಲೇ ಇರುವ ವ್ಯವಸ್ಥೆಯಿಂದ ಎರಡೂ ಚಾನೆಲ್ ಸೇರಿಸಿ ಒಂದೇ ಔಟ್‌ಪುಟ್ ಮಾಡಿದರೆ, 4 ಓಮ್‌ಗಿಂತ ಕೆಳಗೆ ಹೋಗುವಂತಿಲ್ಲ. ಡಿ4ನ ಎರಡು ಕಾಯಿಲ್ ಪ್ಯಾರಲಲ್ ಮಾಡಿದರೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) 2 ಓಮ್, ಆಂಪ್ ಪ್ರೊಟೆಕ್ಟ್‌ಗೆ ಹೋಗಿ ಕೆಂಪು ದೀಪ ತೋರಿಸುತ್ತದೆ. ಸೀರೀಸ್ ಮಾಡಿದರೆ (ಒಂದರ ಹಿಂದೆ ಒಂದು) 8 ಓಮ್, ಸೇಫ್. ನಾನು ಮೂರನೇ ದಾರಿ ಹಿಡಿದೆ, ಆ ಹಳೇ ಹೈಫೈ ದಾರಿ: ಎಡ ಚಾನೆಲ್ ಒಂದು ಕಾಯಿಲ್‌ಗೆ, ಬಲ ಚಾನೆಲ್ ಇನ್ನೊಂದಕ್ಕೆ. ಪವರ್ ಲೆಕ್ಕ ಹಾಕಿದರೆ 8 ಓಮ್ ಬ್ರಿಡ್ಜ್‌ಗೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಯಾಕೆಂದರೆ ಬ್ರಿಡ್ಜ್‌ನಲ್ಲಿ 8 ಓಮ್ ಹಾಕಿದಾಗ ಒಳಗೆ ಪ್ರತಿ ಚಾನೆಲ್‌ಗೂ 4 ಓಮ್ ಹಾಕಿದ ಹಾಗೇ ಆಗುತ್ತದೆ. ಎರಡನ್ನೂ ಜೋಡಿಸಿ ಕೇಳಿದೆ, ಕಿವಿಗೂ ಒಂದೇ. ಆದರೆ ಚಾನೆಲ್ ಬೇರೆ ಮಾಡಿದಾಗ ಒಂದು ಎಚ್ಚರ ಬೇಕು. ಎರಡೂ ಚಾನೆಲ್‌ನ ಗೇನ್ (ಸಿಗ್ನಲ್ ಎಷ್ಟು ಹಿಗ್ಗಬೇಕು ಅನ್ನುವ ಸೆಟ್ಟಿಂಗ್) ಸಮ ಇರಬೇಕು, ಲೋ ಪಾಸ್ (ಬಾಸ್‌ಗಿಂತ ಮೇಲಿನ ಶಬ್ದ ತಡೆಯುವ ಫಿಲ್ಟರ್) ಎರಡರಲ್ಲೂ ಒಂದೇ ಫ್ರೀಕ್ವೆನ್ಸಿಗೆ ಇರಬೇಕು, ಇಲ್ಲದಿದ್ದರೆ ಒಂದು ಕಾಯಿಲ್ ಬಿಸಿಯಾಗುತ್ತದೆ, ಇನ್ನೊಂದು ಆರಾಮಾಗಿ ಕೂತಿರುತ್ತದೆ. ಒಂದೇ ಗೇನ್ ತಿರುಪು ಇರುವ ಆಂಪ್ ಆದರೆ ತಲೆನೋವಿಲ್ಲ.

ಇನ್ನೂ ಮುಖ್ಯವಾದದ್ದು ಪ್ಲಸ್ ಮೈನಸ್. ಒಂದು ಕಾಯಿಲ್ ಉಲ್ಟಾ ಆಯಿತೋ, ಎತ್ತು ಏರಿಗೆ ಎಳೆಯಿತು ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆಯೇ. ಕೋನ್ ಅಲ್ಲಾಡುವುದಿಲ್ಲ, ಪವರ್ ಪೂರ್ತಿ ಬಿಸಿಯಾಗಿ ಕಾಯಿಲ್ ಸುಡುತ್ತದೆ. ಬಾಸ್ ಇಲ್ಲವಲ್ಲ ಅಂತ ಜನ ವಾಲ್ಯೂಮ್ ಏರಿಸುತ್ತಾರೆ, ಅದು ಇನ್ನೂ ಬೇಗ ಸುಡುತ್ತದೆ. ನಾನು ಬಾಕ್ಸ್‌ಗೆ ಸ್ಕ್ರೂ ಹಾಕುವ ಮೊದಲೇ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಹಿಡಿದು ಪ್ರತಿ ಕಾಯಿಲ್‌ಗೂ ಮುಟ್ಟಿಸಿ ನೋಡುತ್ತೇನೆ. ಎರಡು ಸಲವೂ ಕೋನ್ ಒಂದೇ ದಿಕ್ಕಿಗೆ ಜಿಗಿಯಬೇಕು.

ಕಾರಿಗೆ ಬಂದ ಮೇಲೆ ಡಬಲ್ ಕಾಯಿಲ್‌ನ ಕೆಲಸ ಬದಲಾಯಿತು. ಕಾರಿನಲ್ಲಿ ಸಿಗುವುದು ಎಂಜಿನ್ ಓಡುವಾಗ 14 ವೋಲ್ಟ್ ಚಿಲ್ಲರೆ. ಸ್ಟೀರಿಯೋದ ಒಳಗಿರುವ ಚಿಪ್ ಅಷ್ಟರಲ್ಲೇ 4 ಓಮ್‌ಗೆ ಶುದ್ಧವಾಗಿ ಸುಮಾರು 25 ವಾಟ್‌ಗಿಂತ ಜಾಸ್ತಿ ಕೊಡಲಾರದು, ಡಬ್ಬದ ಮೇಲೆ 50 ಅಂತ ಬರೆದಿದ್ದರೂ ಸರಿ. ಜಾಸ್ತಿ ಬೇಕಾದರೆ ಆಂಪ್ ಒಳಗೆ ವೋಲ್ಟೇಜ್ ಏರಿಸಬೇಕು, ಇಲ್ಲ ಸ್ಪೀಕರ್‌ನ ಓಮ್ ಇಳಿಸಬೇಕು. 1990ರ ಆಸುಪಾಸಿನ ಅಮೆರಿಕದ ಕಾರ್ ಆಡಿಯೋ ಸ್ಪರ್ಧೆಗಳಲ್ಲಿ ಈ ಎರಡನೇ ದಾರಿ ಒಂದು ಆಟವೇ ಆಗಿಬಿಟ್ಟಿತು. ಆಂಪ್‌ನ 4 ಓಮ್ ವಾಟ್ ಎಷ್ಟು ಅಂತ ನೋಡಿ ವಿಭಾಗ ಮಾಡುತ್ತಿದ್ದರು. ಒರಾಯನ್ ಕಂಪನಿಯ 225 ಎಚ್‌ಸಿಸಿಎ ಕಾಗದದ ಮೇಲೆ ಚಾನೆಲ್‌ಗೆ 25 ವಾಟ್‌ನ ಬಡಪಾಯಿ. ಅದಕ್ಕೆ ಕಾಯಿಲ್‌ಗಳನ್ನೆಲ್ಲ ಪ್ಯಾರಲಲ್ ಮಾಡಿ 1 ಓಮ್‌ಗೋ ಇನ್ನೂ ಕೆಳಕ್ಕೋ ಇಳಿಸಿದರೆ ಹಲವು ಪಟ್ಟು ಪವರ್. ಇಂಥವಕ್ಕೆ ಚೀಟರ್ ಆಂಪ್ ಅಂತಲೇ ಹೆಸರು ಬಿತ್ತು. ನನಗೆ ಇದು ಮೋಸ ಅನ್ನಿಸುವುದಿಲ್ಲ. ನಿಯಮ ಬರೆದವರು ಓಮ್ ಮರೆತರು, ಅಷ್ಟೇ.

ಆಮೇಲೆ ಒಂದೇ ಔಟ್‌ಪುಟ್ ಇರುವ ಕ್ಲಾಸ್ ಡಿ ಮೋನೋ ಆಂಪ್‌ಗಳು ಬಂದವು. ಎಡ ಬಲ ಸೇರಿಸುವ ಕೆಲಸ ಆಂಪ್ ಒಳಗೇ ಆಗುತ್ತದೆ, ಹಾಗಾಗಿ ಡಬಲ್ ಕಾಯಿಲ್ ಹುಟ್ಟಿದ ಕಾರಣವೇ ಹೋಯಿತು, ಉಳಿದದ್ದು ಓಮ್ ಹೊಂದಿಸುವುದು. ಅದೂ ಎಲ್ಲರಿಗೂ ಬೇಕಿಲ್ಲ. ಜೆಎಲ್ ಆಡಿಯೋದ 500/1 ಆಂಪ್ 1.5ರಿಂದ 4 ಓಮ್‌ವರೆಗೆ ಯಾವುದಕ್ಕಾದರೂ ಅದೇ 500 ವಾಟ್ ಕೊಡುತ್ತಿತ್ತು. ಅದೇ ಕಂಪನಿಯ ದುಬಾರಿ 12ಡಬ್ಲ್ಯೂ7 ಸಬ್‌ನಲ್ಲಿ ಇರುವುದು 3 ಓಮ್‌ನ ಒಂದೇ ಕಾಯಿಲ್. ಡಬಲ್ ಕಾಯಿಲ್ ಅಂದರೆ ಮೇಲ್ದರ್ಜೆ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ನಾನೂ ಆಮೇಲೆ 2 ಓಮ್ ತಡೆಯುವ ಮೋನೋ ಆಂಪ್ ತಂದು ಅದೇ ಡಿ4 ಅನ್ನು ಪ್ಯಾರಲಲ್ ಮಾಡಿದೆ. ಮಲ್ಟಿಮೀಟರ್ ಇಟ್ಟರೆ 2 ತೋರಿಸುವುದಿಲ್ಲ, 1.7 ಹತ್ತಿರ ತೋರಿಸುತ್ತದೆ. ಗಾಬರಿ ಬೇಡ, ಮೀಟರ್ ನೋಡುವುದು ಬರೀ ತಂತಿಯ ಡಿಸಿ ರೆಸಿಸ್ಟೆನ್ಸ್. 3.5 ತೋರಿಸಿದರೆ ಒಂದೇ ಕಾಯಿಲ್ ಸೇರಿದೆ, 7 ತೋರಿಸಿದರೆ ಸೀರೀಸ್ ಆಗಿದೆ ಅಂತ ಅರ್ಥ. ಬಾಸ್ ಏರಿತು, ಜೊತೆಗೆ ಬ್ಯಾಟರಿಯಿಂದ ಎಳೆಯುವ ಕರೆಂಟೂ ಏರಿತು. ದಪ್ಪ ವೈರ್, ಬ್ಯಾಟರಿ ಹತ್ತಿರವೇ ಫ್ಯೂಸ್, ಪೇಂಟ್ ಕೆರೆದು ಬಿಗಿದ ಅರ್ತ್, ಇವಿಲ್ಲದೆ ಓಮ್ ಇಳಿಸಿ ಪ್ರಯೋಜನವಿಲ್ಲ.

ಮುಂದೆ ಎರಡು ಸಬ್ ಹಾಕುವ ಆಸೆ ಇರುವವರು ಈಗಲೇ ಯೋಚಿಸಿ. ಎರಡು ಡಿ4 ಸೇರಿಸಿದರೆ ಸಿಗುವುದು 1, 4 ಅಥವಾ 16 ಓಮ್. ಎಲ್ಲ ಕಾಯಿಲ್‌ಗೂ ಸಮನಾಗಿ ಪವರ್ ಹೋಗಬೇಕಾದರೆ 2 ಓಮ್ ಬರುವುದೇ ಇಲ್ಲ. ನನ್ನ ಆಂಪ್‌ಗೆ ಬೇಕಾದದ್ದು 2, ಅದಕ್ಕೇ ಎರಡು ಸಬ್‌ಗೆ ಹೋದಾಗ ಡಿ4 ಬಿಟ್ಟು ಎರಡು ಡಿ2 ತಂದೆ. ಪ್ರತಿಯೊಂದರಲ್ಲೂ ಕಾಯಿಲ್ ಸೀರೀಸ್ ಮಾಡಿದರೆ 4, ಆ ಎರಡನ್ನು ಪ್ಯಾರಲಲ್ ಮಾಡಿದರೆ 2. ಅಂಗಡಿಯಲ್ಲಿ ಮೊದಲು ಆಂಪ್ ಆರಿಸಿ, ಆಮೇಲೆ ಸಬ್ ಕೇಳಿ.

ಆ ಹಳೇ ಡಿ4 ಈಗ ಸ್ನೇಹಿತರೊಬ್ಬರ ಕಾರಿನಲ್ಲಿದೆ. ಅವರ ಚಿಕ್ಕ ಆಂಪ್‌ಗೆ ಒಂದೇ ಕಾಯಿಲ್ ಕೊಟ್ಟಿದ್ದೇನೆ. ಒಂದೇ ಕಾಯಿಲ್ ಓಡಿಸಿದರೆ ತಡೆಯುವ ಪವರ್ ಅರ್ಧ, ಕೋನ್ ಮೇಲಿನ ಹಿಡಿತವೂ ಕಡಿಮೆ, ಬಾಸ್ ಗುಮ್ ಗುಮ್ ಅಂತ ಎಳೆಯುತ್ತದೆ. ಖಾಲಿ ಕಾಯಿಲ್‌ನ ಎರಡು ತುದಿಗೆ ಎಸ್.ಪಿ. ರೋಡಿನಲ್ಲಿ ಸಿಗುವ ದಪ್ಪ ವೈರ್‌ವೌಂಡ್ ರೆಸಿಸ್ಟರ್ ಕಟ್ಟಿದೆ. ಕೋನ್ ಜೊತೆ ಅಲ್ಲಾಡುವ ಖಾಲಿ ಕಾಯಿಲ್‌ನಲ್ಲಿ ಹುಟ್ಟುವ ಕರೆಂಟ್ ಕೋನ್‌ಗೆ ಬ್ರೇಕ್ ಹಾಕುತ್ತದೆ, ಹಾಗಾಗಿ ರೆಸಿಸ್ಟರ್‌ನ ಓಮ್ ಕಡಿಮೆ ಮಾಡಿದಷ್ಟೂ ಬಾಸ್ ಬಿಗಿಯಾಗುತ್ತದೆ. ನೇರ ಶಾರ್ಟ್ ಮಾಡಿದರೆ ಎರಡೂ ಕಾಯಿಲ್ ಓಡಿಸಿದಷ್ಟೇ ಬಿಗಿ. ಅವರಿಗೆ ಸ್ವಲ್ಪ ಗುಮ್ ಅನ್ನಬೇಕಂತೆ, 4 ಓಮ್‌ಗೆ ನಿಲ್ಲಿಸಿದ್ದೇವೆ.